ಡೆಸ್ಕ್‌ಟಾಪ್ ಒಕ್ಕಲೆಬ್ಬಿಸಿದ ಕಥೆ

ಹೋದ ತಿಂಗಳು ಮಗಳ ಹಳೇ ಲ್ಯಾಪ್‌ಟಾಪ್ ನನ್ನ ಪಾಲಿಗೆ ಬಂತು. 4 ಜಿಬಿ ಮೆಮೊರಿಯದ್ದು. ಡೆಬಿಯನ್ ಲಿನಕ್ಸ್ ಹಾಕಿಯೇ ಕೊಟ್ಟಿದ್ದಳು, ಅದರ ಮೇಲೆ ಗ್ನೋಮ್ ಡೆಸ್ಕ್‌ಟಾಪ್. ಬ್ರೌಸರಿನಲ್ಲಿ ನಾಲ್ಕು ಪುಟ ತೆರೆದರೆ ಸಾಕು, ಕಸಾರಾ ಘಾಟಿ ಹತ್ತುವ ಗೂಡ್ಸ್ ಗಾಡಿಯ ಹಾಗೆ ಏದುಸಿರು ಬಿಡುತ್ತಿತ್ತು. ಗ್ನೋಮ್ ತೆಗೆದು ಹಗುರವಾದ ಎಕ್ಸ್‌ಎಫ್‌ಸಿಇ ಇಟ್ಟುಕೊಳ್ಳೋಣ ಅಂತ ಹೊರಟೆ. ಫೋನಿನಲ್ಲಿ ಹೇಳಿದರೆ ಮಗಳು ನಕ್ಕಳು. "ಅಪ್ಪಾ, ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬಿಡು. ಅರ್ಧ ಗಂಟೆ ಕೆಲಸ. ತೆಗಿಯೋದಕ್ಕೆ ಕೂತ್ರೆ ಮೂರು ದಿನ."

ಅವಳು ಹೇಳಿದ್ದು ಸರಿಯೇ. ಲಿನಕ್ಸ್ ಬಲ್ಲವರೆಲ್ಲ ಹಾಗೇ ಹೇಳುತ್ತಾರೆ. ಆದರೆ ನನಗೆ ಈ ವಿಷಯದಲ್ಲಿ ಒಂದು ಹಳೇ ಬಾಕಿ ಇದೆ, 2008ರದ್ದು. ಅದನ್ನು ಹೇಳುವ ಮೊದಲು, ಹಾಕುವುದು ಅಷ್ಟು ಸುಲಭ ಇರುವಾಗ ತೆಗೆಯುವುದು ಯಾಕೆ ಇಷ್ಟು ಕಷ್ಟ ಅನ್ನುವುದಕ್ಕೆ ಒಂದು ಇತಿಹಾಸವೇ ಇದೆ, ಅದನ್ನೂ ಹೇಳಬೇಕು. ನಾನು ಕಂಪ್ಯೂಟರ್ ಓದಿದವನಲ್ಲ. ಬಿ.ಕಾಂ. ಮಾಡಿ ಬ್ಯಾಂಕಿಗೆ ಸೇರಿದವನು. ಹಾಗಾಗಿ ಕಥೆಯ ನಡುವೆ ಲೆಡ್ಜರು ವೋಚರು ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊದಲು ಈ ಡೆಸ್ಕ್‌ಟಾಪ್ ಅಂದರೆ ಏನು ಅಂತ. ವಿಂಡೋಸ್ ಬಳಸುವವರಿಗೆ ಇದು ಬೇರೆ ವಸ್ತು ಅಂತಲೇ ಅನಿಸುವುದಿಲ್ಲ. ಮಷಿನ್ ಚಾಲೂ ಮಾಡಿದರೆ ಐಕಾನು, ಮೆನು, ಕಿಟಕಿ ಎಲ್ಲ ಬರುತ್ತವೆ, ಅದೇ ಕಂಪ್ಯೂಟರ್. ಲಿನಕ್ಸ್‌ನಲ್ಲಿ ಹಾಗಲ್ಲ. ಕೆಳಗಿನ ವ್ಯವಸ್ಥೆ ಕಟ್ಟಡವಾದರೆ ಡೆಸ್ಕ್‌ಟಾಪ್ ಅದರಲ್ಲಿ ಬಾಡಿಗೆಗೆ ಬಂದ ಸಂಸಾರ. ಬೇಡವಾದರೆ ಕಳಿಸಬಹುದು, ಬೇರೆಯವರನ್ನು ಇಟ್ಟುಕೊಳ್ಳಬಹುದು, ಯಾರೂ ಇಲ್ಲದೆ ಬರೀ ಕಪ್ಪು ತೆರೆಯಲ್ಲೂ ಕೆಲಸ ಮಾಡಬಹುದು. ನಾನು 1993ರಲ್ಲಿ ಬ್ಯಾಂಕಿಗೆ ಸೇರಿದಾಗ ನೋಡಿದ್ದು ಆ ಕಪ್ಪು ತೆರೆಯೇ. 1984ರ ರಂಗರಾಜನ್ ಸಮಿತಿಯ ವರದಿಯ ಬೆನ್ನಿಗೇ ಬ್ಯಾಂಕುಗಳಿಗೆ ಬಂದ ಲೆಡ್ಜರ್ ಪೋಸ್ಟಿಂಗ್ ಮಷಿನ್, ಎಎಲ್‌ಪಿಎಂ ಅಂತ ಕರೆಯುತ್ತಿದ್ದೆವು. ಐಕಾನು ಇಲ್ಲ, ಮೌಸು ಇಲ್ಲ. ಅಕ್ಷರ ಮಾತ್ರ.

ಈ ಕಟ್ಟಡ ಬೇರೆ, ಬಿಡಾರ ಬೇರೆ ಅನ್ನುವ ಏರ್ಪಾಡು ಯುನಿಕ್ಸ್ ಕಾಲದಿಂದ ಬಂದದ್ದು. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಎಕ್ಸ್ ವಿಂಡೋ ಸಿಸ್ಟಮ್ ಶುರುವಾಯಿತು. ತೆರೆಯ ಮೇಲೆ ಕಿಟಕಿ ಬಿಡಿಸುವುದು ಮಾತ್ರ ಅದರ ಕೆಲಸ. ಕಿಟಕಿಗೆ ಚೌಕಟ್ಟು ಹೇಗಿರಬೇಕು, ಗುಂಡಿ ಎಲ್ಲಿರಬೇಕು ಅನ್ನುವುದರಲ್ಲಿ ನಾವು ತಲೆಹಾಕುವುದಿಲ್ಲ ಅಂತ ಅದನ್ನು ಮಾಡಿದವರು ಬೇಕೆಂದೇ ಬಿಟ್ಟರು. ಪರಿಣಾಮ ಏನಾಯಿತು ಅಂದರೆ, ಒಂದೊಂದು ಪ್ರೋಗ್ರಾಮಿನದ್ದು ಒಂದೊಂದು ವೇಷ. ಒಂದರಲ್ಲಿ ಸ್ಕ್ರಾಲ್ ಮಾಡಿದಂತೆ ಇನ್ನೊಂದರಲ್ಲಿ ಆಗುವುದಿಲ್ಲ. 1993ರಲ್ಲಿ ದೊಡ್ಡ ಯುನಿಕ್ಸ್ ಕಂಪನಿಗಳು ಸೇರಿ ಸಿಡಿಇ ಅಂತ ಒಂದು ಸಮಾನ ಡೆಸ್ಕ್‌ಟಾಪ್ ಮಾಡಿದವು, ಆದರೆ ಅದು ಆಗ ಬಿಟ್ಟಿ ಸಿಗುವಂಥದ್ದಾಗಿರಲಿಲ್ಲ.

1996ರ ಅಕ್ಟೋಬರ್ 14ರಂದು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಥಿಯಾಸ್ ಎಟ್ರಿಶ್, ಸಾಮಾನ್ಯ ಜನ ಬಳಸುವಂಥ ಒಂದು ಡೆಸ್ಕ್‌ಟಾಪ್ ಮಾಡೋಣ ಬನ್ನಿ ಅಂತ ಕರೆ ಕೊಟ್ಟ. ಸಿಡಿಇಯನ್ನು ಅಣಕಿಸಿ ಕೆಡಿಇ ಅಂತ ಹೆಸರಿಟ್ಟ. ಅದಕ್ಕೆ ಬಳಸಿದ ಕ್ಯೂಟಿ ಎಂಬ ಸಾಮಗ್ರಿ ನಾರ್ವೆಯ ಟ್ರೋಲ್‌ಟೆಕ್ ಕಂಪನಿಯದ್ದು. ಬಳಸಲು ಪುಕ್ಕಟೆ, ಆದರೆ ತಿದ್ದಿ ಹಂಚುವ ಹಾಗಿಲ್ಲ. ಇದು ಕೆಲವರಿಗೆ ಸರಿಬರಲಿಲ್ಲ. 1997ರ ಆಗಸ್ಟಿನಲ್ಲಿ ಮೆಕ್ಸಿಕೋದ ಮಿಗೆಲ್ ಡಿ ಇಕಾಜಾ ಮತ್ತು ಫೆಡೆರಿಕೊ ಮೆನಾ ಪೂರ್ತಿ ಸ್ವತಂತ್ರವಾದ ಗ್ನೋಮ್ ಶುರುಮಾಡಿದರು. ಹೀಗೆ ಒಂದು ಮನೆಗೆ ಇಬ್ಬರು ಬಾಡಿಗೆದಾರರು.

ಡೆಸ್ಕ್‌ಟಾಪ್ ತೆಗೆಯುವ ಮೊದಲ ದೊಡ್ಡ ಪ್ರಸಂಗವೂ ಇಲ್ಲೇ ಬರುತ್ತದೆ, ಮತ್ತು ಅದು ಯಾರದೋ ಮನೆಯ ಮಷಿನ್ನಿನಿಂದ ತೆಗೆದದ್ದಲ್ಲ. 1998ರ ಅಕ್ಟೋಬರಿನಲ್ಲಿ ಡೆಬಿಯನ್ನಿನವರು ಕೆಡಿಇಯನ್ನು ತಮ್ಮ ಭಂಡಾರದಿಂದಲೇ ತೆಗೆದುಹಾಕಿದರು. ತಾಂತ್ರಿಕ ದೋಷ ಏನಿಲ್ಲ. ಕೆಡಿಇಯ ಲೈಸೆನ್ಸೂ ಕ್ಯೂಟಿಯ ಲೈಸೆನ್ಸೂ ಒಂದಕ್ಕೊಂದು ಹೊಂದುವುದಿಲ್ಲ, ಹಂಚುವ ಹಕ್ಕು ನಮಗಿಲ್ಲ, ಅಷ್ಟೇ ಕಾರಣ. ಸಾಲದ ಕಾಗದ ಸರಿಯಿಲ್ಲದಿದ್ದರೆ ಎಂಥ ಗಿರಾಕಿಯಾದರೂ ಫೈಲು ವಾಪಸ್ ಕಳಿಸುತ್ತೇವಲ್ಲ, ಹಾಗೆ. 2000ದ ಸೆಪ್ಟೆಂಬರಿನಲ್ಲಿ ಕ್ಯೂಟಿ ಜಿಪಿಎಲ್ ಲೈಸೆನ್ಸಿಗೆ ಬಂದ ಮೇಲೆ ಕೆಡಿಇಗೆ ಮತ್ತೆ ಬಾಗಿಲು ತೆರೆಯಿತು. ಅದೇ 1998ರಲ್ಲಿ ಅಮೆರಿಕದ ಕೋರ್ಟಿನಲ್ಲಿ ಮೈಕ್ರೋಸಾಫ್ಟ್, ಇಂಟರ್ನೆಟ್ ಎಕ್ಸ್‌ಪ್ಲೋರರ್ ವಿಂಡೋಸಿನ ಅಂಗವೇ, ಅದನ್ನು ಬೇರ್ಪಡಿಸಲು ಬರುವುದಿಲ್ಲ ಅಂತ ವಾದಿಸುತ್ತಿತ್ತು. ಪ್ರಿನ್ಸ್‌ಟನ್ನಿನ ಪ್ರೊಫೆಸರ್ ಎಡ್ವರ್ಡ್ ಫೆಲ್ಟನ್ ಅದನ್ನು ತೆಗೆಯುವ ಪ್ರೋಗ್ರಾಮೊಂದನ್ನು ಬರೆದು ಸಾಕ್ಷಿ ನುಡಿದರು. ತೆಗೆಯಲು ಬರುತ್ತದೋ ಇಲ್ಲವೋ ಅನ್ನುವುದು ಕೋರ್ಟು ಕಚೇರಿಯ ಪ್ರಶ್ನೆಯಾದ ವರ್ಷ ಅದು.

ಸರಿ, ಮನೆಯ ಮಷಿನ್ನಿಗೆ ಬರೋಣ. ಒಂದು ತಮಾಷೆ ನೋಡಿ. ಆರಂಭದ ದಿನಗಳಲ್ಲಿ ಡೆಸ್ಕ್‌ಟಾಪ್ ತೆಗೆಯುವುದು ಈಗಿಗಿಂತ ಸುಲಭವಿತ್ತು! ಸೂಸೆ ಲಿನಕ್ಸಿನವರು ಕೆಡಿಇಯನ್ನು ಆಪ್ಟ್ ಎಂಬ ಫೋಲ್ಡರಿನೊಳಗೆ ಅದರದೇ ಕೋಣೆಯಲ್ಲಿ ಇಡುತ್ತಿದ್ದರು. ಪೂರ್ತಿ ಸಂಸಾರ ಒಂದೇ ಕೋಣೆಯಲ್ಲಿ. ಕೋಣೆ ಅಳಿಸಿದರೆ ಬಹುಪಾಲು ಮುಗಿಯಿತು. ಆಮೇಲೆ ಜಾಗ ಉಳಿಸಬೇಕು, ಒಂದೇ ಸಾಮಾನು ಎರಡು ಸಲ ಇರಬಾರದು ಅಂತ ಎಲ್ಲವನ್ನೂ ಹಂಚಿ ಹರಡಿ ಇಡುವ ರೂಢಿ ಬಲವಾಯಿತು. ಚಿತ್ರ ತೋರಿಸುವ ಲೈಬ್ರರಿ ಒಂದೇ, ಅದನ್ನು ಗ್ನೋಮೂ ಬಳಸುತ್ತದೆ, ಕೆಡಿಇಯೂ ಬಳಸುತ್ತದೆ, ಪ್ರಿಂಟರಿನವನೂ ಬಳಸುತ್ತಾನೆ. ಕೂಡು ಕುಟುಂಬದ ಅಡುಗೆಮನೆಯ ಹಾಗೆ. ಪಾಲಾಗುವಾಗ ಒರಳು ಯಾರದ್ದು?

ಆ ಲೆಕ್ಕ ಇಡುವವನೇ ಪ್ಯಾಕೇಜ್ ಮ್ಯಾನೇಜರ್. ಇಯಾನ್ ಮರ್ಡಾಕ್ 1993ರ ಆಗಸ್ಟಿನಲ್ಲಿ ಡೆಬಿಯನ್ ಘೋಷಿಸಿದ. ಮರುವರ್ಷ ಇಯಾನ್ ಜಾಕ್ಸನ್ ಕೈಯಲ್ಲಿ ಡಿಪಿಕೆಜಿ ಗಟ್ಟಿ ರೂಪಕ್ಕೆ ಬಂತು. ಯಾವ ಫೈಲು ಯಾವ ಪ್ಯಾಕೇಜಿನದ್ದು, ಯಾವ ಪ್ಯಾಕೇಜಿಗೆ ಯಾವುದು ಬೇಕು ಅಂತ ಅದು ಬರೆದಿಡುತ್ತದೆ. ತೆಗೆಯುವುದರಲ್ಲಿ ಅದು ಎರಡು ಬಗೆ ಮಾಡಿತು. ರಿಮೂವ್ ಅಂದರೆ ಪ್ರೋಗ್ರಾಮು ಹೋಗುತ್ತದೆ, ವ್ಯವಸ್ಥೆಯ ಮಟ್ಟದ ಸೆಟ್ಟಿಂಗುಗಳು ಉಳಿಯುತ್ತವೆ. ಪರ್ಜ್ ಅಂದರೆ ಅವೂ ಹೋಗುತ್ತವೆ. ರಿಮೂವ್ ಮಾಡಿದ್ದು ಪಟ್ಟಿಯಲ್ಲಿ ಆರ್‌ಸಿ ಎಂಬ ಗುರುತಿನೊಂದಿಗೆ ವರ್ಷಗಟ್ಟಲೆ ಕೂತಿರುತ್ತದೆ, ಥೇಟ್ ನಮ್ಮ ವ್ಯವಹಾರವಿಲ್ಲದ ಖಾತೆಗಳ ಹಾಗೆ.

1999ರ ಡೆಬಿಯನ್ 2.1ರ ಜೊತೆಗೆ ಎಪಿಟಿ ಬಂತು. ಒಂದು ಹೆಸರು ಹೇಳಿದರೆ ಸಾಕು, ಅದಕ್ಕೆ ಬೇಕಾದ್ದನ್ನೆಲ್ಲ ತಾನೇ ಹುಡುಕಿ ತರುತ್ತಿತ್ತು. ಜನ ಕುಣಿದಾಡಿದರು. ಆದರೆ ಅಲ್ಲೊಂದು ತೂತು ಉಳಿಯಿತು. ಒಂದು ಹೆಸರು ಕೇಳಿದ್ದಕ್ಕೆ ಇನ್ನೂರು ಪ್ಯಾಕೇಜು ಬಂದವು. ಅವುಗಳಲ್ಲಿ ನಾವು ಕೇಳಿ ತರಿಸಿದ್ದು ಯಾವುದು, ಅದರ ಬಾಲ ಹಿಡಿದು ಬಂದದ್ದು ಯಾವುದು? ಎಪಿಟಿ ಬರೆದಿಡಲಿಲ್ಲ. ಲೆಡ್ಜರಿನಲ್ಲಿ ಮೊತ್ತ ಇದೆ, ತಾರೀಖು ಇದೆ, ನರೇಶನ್ ಕಾಲಮ್ ಖಾಲಿ. ಯಾಕೆ ಬಂತು ಅಂತ ಗೊತ್ತಿಲ್ಲದ ಎಂಟ್ರಿಯನ್ನು ಯಾವ ಆಫೀಸರೂ ಧೈರ್ಯವಾಗಿ ರಿವರ್ಸ್ ಮಾಡುವುದಿಲ್ಲ. ತೆಗೆಯುವ ಕಷ್ಟವೆಲ್ಲ ಇಲ್ಲಿಂದ ಹುಟ್ಟಿದ್ದು ಅಂತ ನನ್ನ ಅಭಿಪ್ರಾಯ.

ಈ ಕಾಲಮ್ಮನ್ನು ಡೆಬಿಯನ್ ಮನೆಯಲ್ಲಿ ಮೊದಲು ತುಂಬಿದ್ದು ಆಪ್ಟಿಟ್ಯೂಡ್ ಎಂಬ ಇನ್ನೊಂದು ಸಲಕರಣೆ. ತಾನಾಗಿ ಬಂದದ್ದಕ್ಕೆ ಆಟೋ ಅಂತ ಗುರುತು ಹಾಕಿ, ಕರೆದವನು ಹೋದ ಮೇಲೆ ಅದನ್ನೂ ಕಳಿಸುತ್ತಿತ್ತು. ತೊಂದರೆ ಏನೆಂದರೆ ಆ ಗುರುತು ಅದರ ಸ್ವಂತ ಪುಸ್ತಕದಲ್ಲಿ. ಒಂದು ದಿನ ಆಪ್ಟಿಟ್ಯೂಡ್, ಇನ್ನೊಂದು ದಿನ ಎಪಿಟಿ ಬಳಸಿದವರ ಲೆಕ್ಕ ಎರಡು ಪುಸ್ತಕದಲ್ಲಿ ಹಂಚಿಹೋಗಿ ಟ್ಯಾಲಿಯೇ ಆಗುತ್ತಿರಲಿಲ್ಲ. ಕೊನೆಗೆ ಎಪಿಟಿಯೇ ಆ ಗುರುತನ್ನು ಕಲಿತು, ಆಟೋರಿಮೂವ್ ಎಂಬ ಆಜ್ಞೆ ಬಂತು. ಡೆಬಿಯನ್ನಿನ ಸ್ಥಿರ ಆವೃತ್ತಿಗೆ ಅದು ಬಂದದ್ದು 2009ರ ಫೆಬ್ರವರಿಯ ಲೆನ್ನಿಯಲ್ಲಿ. ಬೇರೆ ಬಂಧುಗಳಲ್ಲಿ ಅದಕ್ಕೂ ಸ್ವಲ್ಪ ಮೊದಲೇ ಬಂದಿತ್ತು.

ಇಷ್ಟಾದ ಮೇಲೆ ಮುಗಿಯಬೇಕಿತ್ತು. ಇಲ್ಲ. ಡೆಸ್ಕ್‌ಟಾಪ್ ಅನ್ನುವುದು ಒಂದು ಪ್ಯಾಕೇಜ್ ಅಲ್ಲ. ಗ್ನೋಮ್ ಅಂತ ಹೆಸರಿರುವ ಪ್ಯಾಕೇಜಿನ ಒಳಗೆ ಏನೂ ಇಲ್ಲ, ಬರೀ ಒಂದು ಪಟ್ಟಿ: ಇದು ಬೇಕು, ಅದು ಬೇಕು. ಇಂಥದ್ದಕ್ಕೆ ಮೆಟಾಪ್ಯಾಕೇಜ್ ಅನ್ನುತ್ತಾರೆ. ಈಗ ಒಬ್ಬ, ತನಗೆ ಬೇಡವಾದ ಮೇಲ್ ಪ್ರೋಗ್ರಾಮ್ ಒಂದನ್ನು ತೆಗೆದ ಅನ್ನಿ. ಪಟ್ಟಿಯಲ್ಲಿದ್ದ ಒಂದು ಹೋದದ್ದರಿಂದ ಪಟ್ಟಿಯೇ ರದ್ದು. ಪಟ್ಟಿ ರದ್ದಾದರೆ ಉಳಿದವರೆಲ್ಲ ಅನಾಥರು. ಮುಂದಿನ ಆಟೋರಿಮೂವ್‌ನಲ್ಲಿ ಇಡೀ ಡೆಸ್ಕ್‌ಟಾಪಿಗೆ ಗೇಟ್‌ಪಾಸ್! ಹೀಗೆ ಕೈಸುಟ್ಟುಕೊಂಡವರ ಗಲಾಟೆ ಜಾಸ್ತಿಯಾಗಿ ಎಪಿಟಿಗೆ ಒಂದು ನಿಯಮ ಸೇರಿಸಿದರು: ಮೆಟಾಪ್ಯಾಕೇಜಿನ ಪಟ್ಟಿಯ ಮೂಲಕ ಬಂದವುಗಳನ್ನು ಆಟೋ ಅಂತ ಗುರುತಿಸಬೇಡ, ಕೇಳಿಯೇ ತರಿಸಿದ್ದು ಅಂತ ತಿಳಿ. ಸರಿ, ಆ ಅನಾಹುತ ನಿಂತಿತು. ಆದರೆ ಈಗ ಮೆಟಾಪ್ಯಾಕೇಜ್ ತೆಗೆದರೆ ಖಾಲಿ ಪಟ್ಟಿ ಮಾತ್ರ ಹೋಗಿ, ಡೆಸ್ಕ್‌ಟಾಪ್ ಗುಡ್ಡದ ಹಾಗೆ ಅಲ್ಲೇ ಕೂತಿರುತ್ತದೆ. ಒಂದು ಕಾಲದಲ್ಲಿ ಸ್ವಲ್ಪ ತೆಗೆದರೆ ಎಲ್ಲಾ ಹೋಗುತ್ತಿತ್ತು, ಆಮೇಲೆ ಎಲ್ಲಾ ತೆಗೆದರೂ ಏನೂ ಹೋಗುತ್ತಿರಲಿಲ್ಲ. ಇದಕ್ಕೆ ಜನ ಕಂಡುಕೊಂಡ ಉಪಾಯ ಅಂದರೆ ಒಂದೂವರೆ ಪುಟ ಉದ್ದದ ಆಜ್ಞೆ. ಗ್ನೋಮಿನ ಒಂದೊಂದು ಪ್ಯಾಕೇಜಿನ ಹೆಸರನ್ನೂ ಸಾಲಾಗಿ ಬರೆದು, ಇಷ್ಟನ್ನೂ ತೆಗೆ ಅನ್ನುವುದು. ಯಾರೋ ಪುಣ್ಯಾತ್ಮರು ತಯಾರಿಸಿದ್ದನ್ನು ನಕಲು ಮಾಡಿ ಅಂಟಿಸಿದರಾಯಿತು.

2008ರ ಜುಲೈನಲ್ಲಿ ನಾನೂ ಅಂಟಿಸಿದೆ.

ಆಗ ನಾವಿದ್ದದ್ದು ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆ. ಲ್ಯಾಮಿಂಗ್ಟನ್ ರೋಡಿನಲ್ಲಿ ತೆಗೆದುಕೊಂಡ ಸೆಕೆಂಡ್‌ಹ್ಯಾಂಡ್ ಮಷಿನ್, ಡೆಬಿಯನ್ ವಂಶದ ಒಂದು ಲಿನಕ್ಸ್, ಗ್ನೋಮ್ ಮತ್ತು ಕೆಡಿಇ 3.5 ಎರಡೂ ಇದ್ದವು. ಆ ಮಳೆಗಾಲಕ್ಕೆ ಅಪ್ಪ ಕುಮಟಾದಿಂದ ಬಂದು ನಮ್ಮಲ್ಲೇ ಇದ್ದರು. ಪ್ರೈಮರಿ ಶಾಲೆ ಮಾಸ್ತರರಾಗಿ ರಿಟೈರ್ ಆದವರು. ರಾತ್ರಿ ಊಟ ಆದ ಮೇಲೆ ಅವರು ತಮ್ಮ ಹಳೇ ನೆನಪು ಹೇಳುವುದು, ನಾನು ಟೈಪ್ ಮಾಡುವುದು. ಅಘನಾಶಿನಿಯ ದೋಣಿ, ಸಂಬಳ ಬಾರದ ತಿಂಗಳುಗಳು, ಸತ್ತುಹೋದ ತಂಗಿಯ ವಿಷಯ. ಅದನ್ನು ನಾನು ಮೊದಲ ಸಲ ಕೇಳಿದ್ದೇ ಟೈಪ್ ಮಾಡುತ್ತಾ. 63 ಪುಟ ಆಗಿತ್ತು.

ಡಿಸ್ಕಿನಲ್ಲಿ ಜಾಗ ಸಾಲುತ್ತಿಲ್ಲ ಅಂತ ಒಂದು ಶನಿವಾರ ರಾತ್ರಿ ಗ್ನೋಮ್ ತೆಗೆಯಲು ಕೂತೆ. ಆ ಉದ್ದದ ಆಜ್ಞೆಯನ್ನು ಓದದೆ ಅಂಟಿಸಿ ಎಂಟರ್ ಒತ್ತಿದೆ. ಅದರ ಬಾಲದಲ್ಲಿ ಆಟೋರಿಮೂವ್ ಇತ್ತು. ಹೆಸರುಗಳು ಸರಸರನೆ ಓಡಿದವು, ನೋಡಲು ಖುಷಿಯೇ ಆಯಿತು ಅನ್ನಿ. ಮಷಿನ್ ಮತ್ತೆ ಚಾಲೂ ಮಾಡಿದೆ, ಕೆಡಿಇ ಬಂತು. ಅಷ್ಟರಲ್ಲಿ ಅಪ್ಪ ಬಂದು, "ತಮಾ, ನಿನ್ನೆ ಬರೆಸಿದ್ದು ಒಂದ್ ಸಲ ಓದು, ಒಂದು ತಪ್ಪು ಹೇಳಿದ್ದೆ" ಅಂದರು. ಫೈಲು ತೆರೆದೆ. 63 ಪುಟದ ತುಂಬ ಖಾಲಿ ಚೌಕಗಳು. ಒಂದು ಕನ್ನಡ ಅಕ್ಷರ ಇಲ್ಲ. ಅಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, "ಅಕ್ಷರ ಎಲ್ಲಾ ಹೋತಾ?" ಅಂತ ಕೇಳಿದರು.

ಅಕ್ಷರ ಹೋಗಿರಲಿಲ್ಲ. ಯುನಿಕೋಡಿನಲ್ಲಿ ಬರೆದದ್ದರಿಂದ ಫೈಲಿನೊಳಗೆ ಎಲ್ಲಾ ಹಾಗೇ ಇತ್ತು. ಹೋದದ್ದು ಫಾಂಟು. ಇದು ನನಗೆ ಈಗ ಗೊತ್ತು. ಆಗ ಬೆನ್ನು ತಣ್ಣಗಾಯಿತು, ಅಪ್ಪನಿಗೆ ಏನೋ ಒಂದು ಸಮಾಧಾನ ಹೇಳಿ ಮಲಗಲು ಕಳಿಸಿದೆ. ಇಂಟರ್ನೆಟ್ಟೂ ಬರುತ್ತಿರಲಿಲ್ಲ, ನೆಟ್‌ವರ್ಕ್ ಜೋಡಿಸುವ ಪ್ಯಾಕೇಜು ಕೂಡ ಅದೇ ಪಟ್ಟಿಯಲ್ಲಿ ಹೊರಟುಹೋಗಿತ್ತು. ತಪ್ಪು ನನ್ನದೇ, ಓದದೆ ಸಹಿ ಹಾಕಬೇಡಿ ಅಂತ ದಿನಾ ಗಿರಾಕಿಗಳಿಗೆ ಹೇಳುವವನು ನಾನು.

ಬ್ಯಾಂಕಿನಲ್ಲಿ ಟ್ಯಾಲಿ ಆಗದಿದ್ದರೆ ಏನು ಮಾಡುತ್ತೇವೆ? ಡೇ ಬುಕ್ ತೆಗೆಯುತ್ತೇವೆ. ಹುಡುಕಿದರೆ ಡಿಪಿಕೆಜಿಗೂ ಒಂದು ಡೇ ಬುಕ್ ಇತ್ತು, ಲಾಗ್ ಫೈಲು. ಎಷ್ಟು ಗಂಟೆ ಎಷ್ಟು ಸೆಕೆಂಡಿಗೆ ಏನು ತೆಗೆದೆ ಅಂತ ಸಾಲುಸಾಲಾಗಿ ಇತ್ತು. ಪೆನ್ಸಿಲ್ ಹಿಡಿದು ಕಾಗದದಲ್ಲಿ ಬರೆದುಕೊಳ್ಳುತ್ತಾ ಹೋದೆ. ಉದ್ದದ ಪಟ್ಟಿಯಲ್ಲಿ ಭಾರತೀಯ ಲಿಪಿಗಳ ಫಾಂಟುಗಳ ಒಂದು ಕಟ್ಟು ಇತ್ತು. ಕೆಡಿಇಗೆ ಹೋಗುವವನಿಗೆ ಇದು ಯಾಕೆ ಅಂತ ಪಟ್ಟಿ ಮಾಡಿದವರಿಗೆ ಅನಿಸಿರಬೇಕು, ಅವರಿಗೆ ಕನ್ನಡ ಬೇಕಿರಲಿಲ್ಲವಲ್ಲ. ಆ ಕಟ್ಟು ಹೋದದ್ದೇ, ಅದರ ಜೊತೆ ಆಟೋ ಗುರುತಿನಲ್ಲಿ ಬಂದಿದ್ದ ಟಿಟಿಎಫ್-ಕನ್ನಡ-ಫಾಂಟ್ಸ್ ಅನಾಥವಾಯಿತು. ಆಟೋರಿಮೂವ್ ಅದನ್ನು ಗುಡಿಸಿತು. ಕೇದಗೆ, ಮಲ್ಲಿಗೆ ಅಂತ ಎರಡು ಫಾಂಟುಗಳಿದ್ದ ಪ್ಯಾಕೇಜ್ ಅದು. ನಾನು ಕನ್ನಡವನ್ನು ಹೆಸರು ಹಿಡಿದು ಯಾವತ್ತೂ ಕೇಳಿರಲಿಲ್ಲ, ಇನ್ನೊಂದರ ಜೊತೆಗೆ ಬಂದದ್ದನ್ನು ಇದೆಯಲ್ಲ ಅಂತ ಬಳಸುತ್ತಿದ್ದೆ. ಪುಸ್ತಕದಲ್ಲಿ ಹಾಗೇ ದಾಖಲಾಗಿತ್ತು.

ನನ್ನ ಅದೃಷ್ಟಕ್ಕೆ ಎಪಿಟಿ ಹಿಂದೆ ಇಳಿಸಿಕೊಂಡಿದ್ದ ಪ್ಯಾಕೇಜುಗಳ ಪ್ರತಿಗಳನ್ನು ತನ್ನ ಉಗ್ರಾಣದಲ್ಲಿ ಇಟ್ಟಿತ್ತು, ನಾನು ಅದನ್ನು ಯಾವತ್ತೂ ಖಾಲಿ ಮಾಡಿರಲಿಲ್ಲ. ಅಲ್ಲಿಂದ ಒಂದೊಂದಾಗಿ ಹಾಕುತ್ತಾ ಬಂದೆ. ಬೆಳಗಿನ ಮೂರೂವರೆಗೆ ಚೌಕಗಳು ಹೋಗಿ ಅಕ್ಷರ ಬಂದವು. ಎದ್ದು ಹೊರಗೆ ಬಂದರೆ ಹಾಲಿನಲ್ಲಿ ದೀಪ ಉರಿಯುತ್ತಿತ್ತು. ಅಪ್ಪ ಮೊಮ್ಮಗಳ ನೋಟ್‌ಬುಕ್ ತೆಗೆದುಕೊಂಡು ಮೊದಲಿನಿಂದ ಬರೆಯಲು ಶುರುಮಾಡಿದ್ದರು. ಆರನೇ ಪುಟದಲ್ಲಿದ್ದರು.

ಆ ಎರಡೂ ಪ್ರತಿಗಳು ಈಗ ನನ್ನ ಹತ್ತಿರ ಇವೆ. ನೋಟ್‌ಬುಕ್ಕಿನ ಆರು ಪುಟ ಕಂಪ್ಯೂಟರಿನ ಮೊದಲ ಆರು ಪುಟದ ಹಾಗಿಲ್ಲ. ಅದು ಇರಲಿ.

ಇತಿಹಾಸ ಅಲ್ಲಿಗೇ ನಿಲ್ಲಲಿಲ್ಲ. 2009ರ ಹೊತ್ತಿಗೆ ಫೆಡೋರಾ ಕಡೆಯ ಯಮ್ ಎಂಬ ಪ್ಯಾಕೇಜ್ ಮ್ಯಾನೇಜರಿಗೆ ಹಿಸ್ಟರಿ ಅಂತ ಸೌಲಭ್ಯ ಬಂತು. ಒಂದು ವ್ಯವಹಾರವನ್ನು ನಂಬರು ಹೇಳಿ ಹಿಂದೆ ತಿರುಗಿಸಬಹುದು. ರಿವರ್ಸಲ್ ವೋಚರ್! ಎಪಿಟಿಯೂ ತನ್ನದೇ ಹಿಸ್ಟರಿ ಲಾಗ್ ಇಡಲು ಶುರುಮಾಡಿತು, ಯಾವ ಆಜ್ಞೆಗೆ ಏನೇನು ಬಂತು ಹೋಯಿತು ಅಂತ ಒಂದೇ ಕಡೆ. ಅಷ್ಟಾದರೂ 2021ರ ನವೆಂಬರಿನಲ್ಲಿ ಯೂಟ್ಯೂಬಿನ ಲೈನಸ್ ಸೆಬಾಸ್ಟಿಯನ್ (ಲಿನಕ್ಸ್ ಮಾಡಿದ ಲೈನಸ್ ಬೇರೆ, ಇವರು ಕೆನಡಾದವರು) ಪಾಪ್ ಓಎಸ್ ಎಂಬ ಲಿನಕ್ಸಿನಲ್ಲಿ ಆಟ ಆಡಲು ಸ್ಟೀಮ್ ಹಾಕಲು ಹೋಗಿ ಇಡೀ ಡೆಸ್ಕ್‌ಟಾಪ್ ಕಳೆದುಕೊಂಡರು. ಎಪಿಟಿ ಎಚ್ಚರಿಕೆ ಕೊಟ್ಟಿತ್ತು, 'ಹೌದು, ನಾನು ಹೇಳಿದಂತೆ ಮಾಡು' ಅಂತ ಇಂಗ್ಲಿಷಿನಲ್ಲಿ ಪೂರ್ತಿ ವಾಕ್ಯ ಟೈಪ್ ಮಾಡಲು ಹೇಳಿತ್ತು. ಅವರು ಟೈಪ್ ಮಾಡಿದರು. ಲಕ್ಷಗಟ್ಟಲೆ ಜನ ಅದನ್ನು ನೋಡಿ ನಕ್ಕರು. ನನಗೆ ನಗು ಬರಲಿಲ್ಲ. ಎಪಿಟಿಯವರು ಅದೇ ತಿಂಗಳು ಆ ಪ್ರಶ್ನೆ ಕೇಳುವುದನ್ನೇ ಬಿಟ್ಟರು. ಈಗ ಅಂಥ ಮುಖ್ಯ ಪ್ಯಾಕೇಜ್ ತೆಗೆಯಬೇಕಾದರೆ ಮೊದಲೇ ಬೇರೆ ಅನುಮತಿ ಸೇರಿಸಿ ಆಜ್ಞೆ ಕೊಡಬೇಕು.

ಹೋದ ತಿಂಗಳು ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಹಳಬರನ್ನು ಕಳಿಸುವ ಮೊದಲು ಹೊಸಬರನ್ನು ಕರೆದೆ: ಎಕ್ಸ್‌ಎಫ್‌ಸಿಇ ಹಾಕಿ, ಅದರಲ್ಲೇ ಲಾಗಿನ್ ಆಗಿ ಎರಡು ದಿನ ಬಳಸಿದೆ. ಲಾಗಿನ್ ತೆರೆ ತೋರಿಸುವ ಪ್ರೋಗ್ರಾಮು ಗ್ನೋಮಿನದ್ದೇ ಆಗಿತ್ತು, ಜಿಡಿಎಂ3 ಅಂತ. ಅದರ ಜಾಗಕ್ಕೆ ಲೈಟ್‌ಡಿಎಂ ಕೂರಿಸಿದೆ. ಇದನ್ನು ಮರೆತವರೇ ಮರುದಿನ ಕಪ್ಪು ತೆರೆ ನೋಡುವುದು. ಆಮೇಲೆ ನನಗೆ ಬೇಕಾದದ್ದನ್ನೆಲ್ಲ ಎಪಿಟಿ-ಮಾರ್ಕ್ ಆಜ್ಞೆಯಿಂದ ಹೆಸರು ಹಿಡಿದು, ಇದು ನಾನು ಕೇಳಿದ್ದು ಅಂತ ದಾಖಲಿಸಿದೆ. ನೆಟ್‌ವರ್ಕ್ ಮ್ಯಾನೇಜರ್, ಪ್ರಿಂಟರ್, ಕನ್ನಡ ಟೈಪಿಂಗಿಗೆ ಐಬಸ್. ಕನ್ನಡ ಫಾಂಟುಗಳ ಕಟ್ಟಿಗೂ ಮಾಡಿದೆ. ಈಗ ಅದರಲ್ಲಿ ಲೋಹಿತ್, ನವಿಲು, ಗುಬ್ಬಿ ಇವೆ, ಕೇದಗೆ ಮಲ್ಲಿಗೆಯ ಕಾಲ ಮುಗಿದಿದೆ.

ಗ್ನೋಮ್ ಶೆಲ್ ಮತ್ತು ಮೆಟಾಪ್ಯಾಕೇಜ್‌ಗಳನ್ನು ತೆಗೆಯುವ ಆಜ್ಞೆಯನ್ನು ಮೊದಲು ಎಸ್ ಎಂಬ ಗುರುತು ಸೇರಿಸಿ ಬರೀ ನಾಟಕ ಮಾಡಿಸಿದೆ. ಅದು ಹೊರಹಾಕಿದ ಪಟ್ಟಿಯನ್ನು ಪ್ರಿಂಟ್ ತೆಗೆದು, ಚಹಾ ಕುಡಿಯುತ್ತಾ ಒಂದೊಂದಕ್ಕೂ ಟಿಕ್ ಹಾಕಿದೆ. ಹೆಂಡತಿ "ರಿಟೈರ್ ಆಗೋ ಮೊದ್ಲೇ ಮನೇಲಿ ಬ್ರಾಂಚ್ ತೆಗ್ದಿದೀರಾ?" ಅಂದಳು. ಆಮೇಲೆ ನಿಜವಾಗಿ ತೆಗೆದು, ಆಟೋರಿಮೂವ್ ಪರ್ಜ್ ಸಮೇತ ಓಡಿಸಿ, ಉಳಿದ ಆರ್‌ಸಿ ಖಾತೆಗಳನ್ನು ಮುಚ್ಚಿದೆ. ಮೂರು ದಿನವೇ ಹಿಡಿಯಿತು, ಮಗಳು ಹೇಳಿದಷ್ಟೇ.

ಪರ್ಜ್ ಕೂಡ ಒಂದು ಬಾಗಿಲು ದಾಟುವುದಿಲ್ಲ, ಅದು ಹೋಮ್ ಫೋಲ್ಡರು. ಅದು ಬಳಕೆದಾರನ ಸ್ವಂತ, ಪ್ಯಾಕೇಜ್ ಮ್ಯಾನೇಜರಿಗೆ ಅಲ್ಲಿ ಪ್ರವೇಶವಿಲ್ಲ. ಡೆಸ್ಕ್‌ಟಾಪುಗಳೆಲ್ಲ ತಮ್ಮ ಗುರುತನ್ನು ಅಲ್ಲಿ ಚುಕ್ಕಿಯಿಂದ ಶುರುವಾಗುವ ಹೆಸರಿನ ಫೋಲ್ಡರುಗಳಲ್ಲಿ ಬಿಟ್ಟುಹೋಗುತ್ತವೆ. ಚುಕ್ಕಿ ಇದ್ದರೆ ಪಟ್ಟಿಯಲ್ಲಿ ಕಾಣುವುದಿಲ್ಲ ಅನ್ನುವ ಈ ಪದ್ಧತಿಯೂ ಯಾರೂ ಯೋಚಿಸಿ ಮಾಡಿದ್ದಲ್ಲವಂತೆ. ಆರಂಭದ ಯುನಿಕ್ಸಿನಲ್ಲಿ ಎರಡು ವಿಶೇಷ ಹೆಸರುಗಳನ್ನು ಅಡಗಿಸಲು ಬರೆದ ಅವಸರದ ಒಂದು ಸಾಲಿನಿಂದ ಹುಟ್ಟಿದ್ದು ಅಂತ ರಾಬ್ ಪೈಕ್ 2012ರಲ್ಲಿ ಬರೆದಿದ್ದರು.

ಗ್ನೋಮಿನ ಫೋಲ್ಡರುಗಳನ್ನು ಅಳಿಸುತ್ತಾ ಹೋದಾಗ ಚುಕ್ಕಿ ಕೆಡಿಇ ಅಂತ ಒಂದು ಕಂಡಿತು. ಈ ಲ್ಯಾಪ್‌ಟಾಪಿನಲ್ಲಿ ಕೆಡಿಇ ಯಾವತ್ತೂ ಇರಲಿಲ್ಲ. ನಾನು ಪ್ರತಿ ಹೊಸ ಮಷಿನ್ನಿಗೂ ಹಳೇ ಹೋಮ್ ಫೋಲ್ಡರನ್ನು ಹಾಗೇ ನಕಲು ಮಾಡುತ್ತಾ ಬಂದವನು, ಅದರ ಜೊತೆ ಲ್ಯಾಮಿಂಗ್ಟನ್ ರೋಡಿನ ಮಷಿನ್ನಿನಿಂದ ಇಲ್ಲಿಯವರೆಗೆ ಬಂದಿದೆ. ಒಳಗೆ ಇತ್ತೀಚೆಗೆ ತೆರೆದ ಫೈಲುಗಳ ಪಟ್ಟಿ ಇತ್ತು. ಮೊದಲನೇ ಹೆಸರು 'ಅಪ್ಪ', ತಾರೀಖು 2008ರ ಜುಲೈ, ಬೆಳಗಿನ 3 ಗಂಟೆ 34 ನಿಮಿಷ. ಅದನ್ನು ಅಳಿಸಲಿಲ್ಲ.